ಲೈಟ್ ಆರಿಸಿದ ಮೇಲೆ

ಮಂಗಳವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ಮಗೂನ ಎತ್ಕೋಬಹುದಾ?"

ಕೇಳಿದವರು ನಮ್ಮ ಸೋದರಮಾವ. ಕೇಳಿದ್ದು ನನ್ನನ್ನಲ್ಲ, ರೇಡಿಯೇಷನ್ ಕೋಣೆಯ ಟೆಕ್ನಿಷಿಯನ್ ಹುಡುಗನನ್ನು. ಅವತ್ತು 22ನೇ ಕರೆಂಟ್. ರೇಡಿಯೇಷನ್ ಅಂತ ನಮ್ಮಲ್ಲಿ ಯಾರು ಹೇಳುತ್ತಾರೆ, ಎಲ್ಲರ ಬಾಯಲ್ಲೂ 'ಕರೆಂಟ್ ಕೊಡೋದು' ಅಂತಲೇ. ಕೆನ್ನೆಯ ಒಳಗಿನ ಕ್ಯಾನ್ಸರ್ ಗಡ್ಡೆಗೆ ಆಪರೇಷನ್ ಆಗಿ, ಅದರ ಮೇಲೆ 30 ಕರೆಂಟ್ ಬರೆದಿದ್ದಾರೆ. ವಾರಕ್ಕೆ ಐದು ದಿನ, ದಿನಕ್ಕೆ 2 ಗ್ರೇ, ಒಟ್ಟು 60. ಗ್ರೇ ಅಂದರೆ ಕಿರಣದ ಅಳತೆ.

ಮೂರನೇ ವಾರಕ್ಕೆ ಮಾವನ ಬಾಯೆಲ್ಲ ಹುಣ್ಣು. ಉಪ್ಪು, ಅಡುಗೆ ಸೋಡಾ ಹಾಕಿದ ನೀರಲ್ಲಿ ಮುಕ್ಕಳಿಸಿ, ನೋವಿನ ಔಷಧಿ ಕುಡಿದು, ಅರ್ಧ ಗಂಟೆ ಕಾದರೆ ನಾಲ್ಕು ಚಮಚ ರಾಗಿ ಅಂಬಲಿ ಇಳಿಯುತ್ತದೆ. ಮಾತಾಡಿದರೆ ನಾಲಿಗೆ ಹಲ್ಲಿಗೆ ತಾಗಿ ಜೀವ ಹೋಗುತ್ತೆ. ಹಾಗಾಗಿ ಬೇಕು, ಬೇಡ, ಸಾಕು ಎಲ್ಲ ಕೈಸನ್ನೆಯಲ್ಲೇ. ಅಂಥ ಬಾಯಲ್ಲಿ ಆ ಎರಡು ಮಾತು ಹೊರಡಿಸಿದ್ದರು.

ಹುಡುಗ ಅವರ ಕೈ ಹಿಡಿದು ಬಾಗಿಲವರೆಗೆ ಕರೆತಂದಿದ್ದ. ಮಾವನ ಹಣೆ, ಮೂಗಿನ ಮೇಲೆ ಮಾಸ್ಕಿನ ಗುರುತು ಇನ್ನೂ ಹಸಿಯಾಗಿತ್ತು. ಬಿಸಿನೀರಲ್ಲಿ ಮೆತ್ತಗೆ ಮಾಡಿ ಅವರ ಮುಖದ ಮೇಲೇ ಅಚ್ಚು ತೆಗೆದ ಪ್ಲಾಸ್ಟಿಕ್ ಬಲೆ ಅದು. ತಲೆ ಅಲುಗಾಡದ ಹಾಗೆ ದಿನಾ ಅದನ್ನು ಮೇಜಿಗೆ ಬಿಗಿಯುತ್ತಾರೆ. ಬಿಚ್ಚಿದಾಗ ಚರ್ಮದ ಮೇಲೆ ಸಣ್ಣ ಸಣ್ಣ ಚೌಕಗಳು ಮೂಡಿರುತ್ತವೆ.

"ಮಗೂನ ಎತ್ಕೋಬಹುದಾ?"

ಹುಡುಗ ನಿಂತ. "ತಾತ, ಲೈಟ್ ಆರಿಸಿದ ಮೇಲೆ ರೂಮಲ್ಲಿ ಬೆಳಕು ಉಳಿಯುತ್ತಾ? ಇದೂ ಹಂಗೇ. ಮೆಷಿನ್ ನಿಂತ್ರೆ ಮುಗೀತು. ನಿಮ್ಮ ಮೈಯಲ್ಲಿ ಏನೂ ಇರಲ್ಲ. ಧಾರಾಳವಾಗಿ ಎತ್ಕೊಳ್ಳಿ."

ಅವನ ಹೊಟ್ಟೆ ತಣ್ಣಗಿರಲಿ. ಹೊರಗೆ ಅಷ್ಟುದ್ದ ಸಾಲು ಕಾಯುತ್ತಿತ್ತು, ಆದರೂ ಅವಸರ ಮಾಡಲಿಲ್ಲ.

ವಿಷಯ ಆಮೇಲೆ ಗೊತ್ತಾಯಿತು. ಕರೆಂಟ್ ಶುರುವಾಗುವ ಹಿಂದಿನ ದಿನ ನೋಡಲು ಬಂದಿದ್ದ ನೆಂಟರೊಬ್ಬರು ಮಗುವನ್ನು ಹತ್ತಿರ ಸೇರಿಸಬೇಡಿ ಅಂತ ಮಾವನ ಕಿವಿಯಲ್ಲಿ ಹೇಳಿ ಹೋಗಿದ್ದರು. ಅವರ ನಾದಿನಿಗೆ ಥೈರಾಯ್ಡ್ ಕ್ಯಾನ್ಸರ್ ಆಗಿ ಅಯೋಡಿನ್ ಕೊಟ್ಟಿದ್ದರಂತೆ. ಅದರಲ್ಲಿ ಕಿರಣ ಹೊರಡಿಸುವ ಔಷಧಿಯೇ ಹೊಟ್ಟೆಗೆ ಹೋಗುತ್ತೆ, ಕೆಲವು ದಿನ ಮಕ್ಕಳಿಂದ, ಬಸುರಿಯರಿಂದ ದೂರ ಇರಲೇಬೇಕು. ಹೊರಗಿನಿಂದ ಮೆಷಿನ್‌ನಲ್ಲಿ ಕೊಡುವ ಕರೆಂಟೇ ಬೇರೆ. ಆ ನೆಂಟರು ಕೆಟ್ಟದ್ದು ಬಯಸಿ ಹೇಳಿದ್ದಲ್ಲ, ಒಪ್ಪುತ್ತೇನೆ. ಆದರೂ ರೋಗಿಯ ಮನೆಗೆ ಬಂದು, ಅರ್ಧ ತಿಳಿದದ್ದನ್ನು ಪೂರ್ತಿ ಧೈರ್ಯದಲ್ಲಿ ಹೇಳಿ, ಕಾಫಿ ಕುಡಿದು ಹೊರಡುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಆಸ್ಪತ್ರೆಯಲ್ಲಿ ಮೊದಲ ದಿನವೇ ಎಲ್ಲ ಹೇಳಿದ್ದರು. ಕತ್ತಿಗೆ ಸೋಪು, ಪೌಡರು, ಎಣ್ಣೆ ಬೇಡ. ಗಡ್ಡ ಕೆರೆಯಬೇಡಿ. ಹತ್ತಿ ಬಟ್ಟೆ ಹಾಕಿ. ಈ ಒಂದು ಮಾತು ಮಾತ್ರ ಯಾರೂ ಹೇಳಲಿಲ್ಲ. ಕಾಯುವ ಜಾಗದ ಗೋಡೆ ಮೇಲೆ ಕನ್ನಡದಲ್ಲಿ ಒಂದು ಸಾಲು ಬರೆದಿದ್ದರೆ ಸಾಕಿತ್ತು ಅಲ್ವಾ?

ಅವರನ್ನು ಏನಂತ ಅನ್ನಲಿ, ನಾನೇ ಮನೆಯಲ್ಲಿದ್ದೆನಲ್ಲ. ಮಾವ ತಮ್ಮ ತಟ್ಟೆ, ಲೋಟ, ಟವೆಲ್ ಬೇರೆ ಇಟ್ಟುಕೊಂಡಿದ್ದರು. ಇನ್‌ಫೆಕ್ಷನ್ ಆಗದಿರಲಿ ಅಂತ ಇರಬೇಕು ಅಂದುಕೊಂಡೆ. ಮೂರು ವರ್ಷದ ಮಗಳು 'ಅಜ್ಜಾ' ಅಂತ ಓಡಿ ಬಂದರೆ ಎದ್ದು ಕೋಣೆಗೆ ಹೋಗುತ್ತಿದ್ದರು. ಸುಸ್ತಿರಬೇಕು ಅಂದುಕೊಂಡೆ. ತೂಕ ಎಷ್ಟು, ಎಷ್ಟು ಚಮಚ ಕುಡಿದರು, ರಕ್ತದ ರಿಪೋರ್ಟ್ ಏನು ಬಂತು, ಎಲ್ಲ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಮಗುವನ್ನು ಯಾಕೆ ಮುಟ್ಟುತ್ತಿಲ್ಲ ಅಂತ ಒಂದು ದಿನವೂ ಕೇಳಲಿಲ್ಲ. ಹೆಂಡತಿ ಮಕ್ಕಳ ಪಕ್ಕ ಮಲಗದೆ, ಪಡಸಾಲೆಯ ಮೂಲೆಯಲ್ಲಿ ಒಬ್ಬರೇ ಚಾಪೆ ಹಾಕಿಕೊಂಡವರು ಇನ್ನೂ ಎಷ್ಟು ಜನ ಇದ್ದಾರೋ. ಮನೆಯವರೆಲ್ಲ ನನ್ನ ಹಾಗೆ, ಸುಸ್ತಿರಬೇಕು ಅಂದುಕೊಂಡು ಸುಮ್ನೆ ಇರಬಹುದು.

ಆಟೋದಲ್ಲಿ ಮನೆಗೆ ಬಂದೆವು. ಮಾವ ಬಚ್ಚಲಿಗೆ ಹೋಗಿ ಮೊಣಕೈವರೆಗೂ ಕೈ ತೊಳೆದರು. ಆಮೇಲೆ ಬಂದು ನೆಲದ ಮೇಲೆ ಕೂತು ತೊಡೆ ತಟ್ಟಿದರು. ಮಗಳು ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು, ಹೋಗಿ ಕುತ್ತಿಗೆಗೆ ಜೋತುಬಿದ್ದಳು. ಕತ್ತಿನ ಚರ್ಮ ಕಪ್ಪಾಗಿ ಸುಲಿದಿದೆ, ಕಾಲರ್ ತಾಗಿದರೂ ಉರಿಯುತ್ತೆ.

"ಮಾವ, ಕತ್ತು. ಇಳಿಸಿ," ಅಂದೆ.

ಅವರು ಇರಲಿ ಅಂತ ಕೈ ಆಡಿಸಿದರು. ಅವಳು ಅವರ ಹಣೆ ಮೇಲಿನ ಚೌಕಗಳನ್ನು ಬೆರಳಿಟ್ಟು ಎಣಿಸುತ್ತಿದ್ದಳು.