ಯಾರ ಟಿಫಿನ್ ಬಾಕ್ಸ್ ಇದು?

ನಮ್ಮದು ಹೆಣ್ಣುಮಕ್ಕಳ ಹೈಸ್ಕೂಲು. ಒಂಬತ್ತನೇ ಕ್ಲಾಸಿನ ಇಂಗ್ಲಿಷ್ ಪೇಪರ್ ತಿದ್ದುತ್ತಿದ್ದೆ. ಒಬ್ಬ ಹುಡುಗಿ ‘ಎವ್ರಿವನ್ ಬ್ರಾಟ್ ದೇರ್ ಟಿಫಿನ್ ಬಾಕ್ಸ್’ ಎಂದು ಬರೆದಿದ್ದಳು. ‘ದೇರ್’ ಮೇಲೆ ಕೆಂಪು ಗೀಟು ಎಳೆದು ‘ಹಿಸ್’ ಎಂದು ಬರೆದೆ. ಅರ್ಧ ಅಂಕ ಕಟ್. ಎವ್ರಿವನ್ ಏಕವಚನ ಅಲ್ವಾ, ನಾನು ಕಲಿತದ್ದೇ ಹಾಗೆ.

ಪೇಪರ್ ಕೊಟ್ಟ ದಿನ ಅವಳು ಟೇಬಲ್ ಹತ್ತಿರ ಬಂದು ನಿಂತಳು. “ಮಿಸ್, ನಮ್ಮ ಸ್ಕೂಲಲ್ಲಿ ಹುಡುಗರೇ ಇಲ್ವಲ್ಲ. ಯಾರ ಬಾಕ್ಸ್ ಇದು?”

ಇಡೀ ಕ್ಲಾಸ್ ನಕ್ಕಿತು. ನಾನೂ ನಕ್ಕೆ. ನಾಳೆ ಹೇಳ್ತೀನಿ ಎಂದು ಜಾರಿಕೊಂಡೆ.

ಸ್ಟಾಫ್ ರೂಮಿನಲ್ಲಿ ಹಿರಿಯ ಸರ್ ಒಬ್ಬರನ್ನು ಕೇಳಿದೆ. “ಹಿಸ್ ಅಂದ್ರೆ ಹೆಂಗಸರೂ ಸೇರಿದ್ರು ಅಂತ ಲೆಕ್ಕ. ಒಬ್ಬರಿಗೆ ದೇ ಅನ್ನೋದೆಲ್ಲ ಈಗಿನ ಫ್ಯಾಷನ್” ಎಂದರು. ಅಷ್ಟರಲ್ಲಿ ಆಯಾ ಇಣುಕಿದರು. “ಸರ್, ನಿಮ್ಮನ್ನ ನೋಡೋಕೆ ಯಾರೋ ಬಂದಿದ್ದಾರೆ.” ಎಷ್ಟು ಜನ, ಗಂಡಸೋ ಹೆಂಗಸೋ ಎಂದು ಸರ್ ಕೇಳಲಿಲ್ಲ. ಸುಮ್ನೆ ಎದ್ದು ಹೋದರು. ಬಂದಿದ್ದವರು ಒಬ್ಬರೇ.

ಆ ರಾತ್ರಿ ಹುಡುಕುತ್ತಾ ಕೂತೆ. ಫ್ಯಾಷನ್ ಏನಲ್ಲ, 14ನೇ ಶತಮಾನದ ಇಂಗ್ಲಿಷಿನಲ್ಲೇ ಒಬ್ಬರಿಗೆ ‘ದೇ’ ಬಳಸಿದ್ದಾರೆ. ‘ಹಿಸ್’ ಎಲ್ಲರಿಗೂ ಸಾಕು ಅನ್ನೋದು 18ನೇ ಶತಮಾನದ ವ್ಯಾಕರಣದವರು ಬಿಗಿ ಮಾಡಿದ ನಿಯಮ. 1850ರಲ್ಲಿ ಬ್ರಿಟಿಷ್ ಪಾರ್ಲಿಮೆಂಟ್ ಕಾನೂನಿನ ಭಾಷೆಗೂ ಅದನ್ನೇ ಹಾಕಿತು. ನನಗೆ ಪಾಪ ಅನ್ನಿಸಿದ್ದು ‘ಥಾನ್’ ಕಥೆ. ಗಂಡು, ಹೆಣ್ಣು ಇಬ್ಬರಿಗೂ ಸಲ್ಲುವ ಪದ ಬೇಕು ಎಂದು ಚಾರ್ಲ್ಸ್ ಕಾನ್ವರ್ಸ್ ಎಂಬ ಅಮೆರಿಕದ ವಕೀಲ 19ನೇ ಶತಮಾನದಲ್ಲಿ ಕಟ್ಟಿದ್ದು. 1934ರ ವೆಬ್‌ಸ್ಟರ್ ನಿಘಂಟಿಗೂ ಸೇರಿತ್ತು. ಜನರ ಬಾಯಿಗೆ ಹತ್ತಲಿಲ್ಲ, 1961ರಲ್ಲಿ ಹೊರಬಿತ್ತು.

ತಮ್ಮನ್ನು ಗಂಡು ಎಂದೋ ಹೆಣ್ಣು ಎಂದೋ ಹೇಳಿಕೊಳ್ಳದ ಒಬ್ಬರಿಗೆ ‘ದೇ’ ಬಳಸುವ ಅರ್ಥ 2019ರಲ್ಲಿ ಮೆರಿಯಮ್-ವೆಬ್‌ಸ್ಟರ್‌ಗೆ ಸೇರಿತು. ಆ ವರ್ಷದ ಪದವೂ ಅದೇ ಆಯಿತು. ಈಗ ಜಗಳ ಜಾಸ್ತಿ ಇರೋದು ಇಲ್ಲೇ. ಹೆಸರು ಗೊತ್ತಿರುವ ಒಬ್ಬರಿಗೆ ‘ದೇ ಆರ್’ ಅನ್ನೋದು ನನ್ನ ಕಿವಿಗೂ ಇನ್ನೂ ಒಗ್ಗಿಲ್ಲ. ಆದರೆ ‘ಯು’ ಕೂಡ ಮೊದಲು ಬಹುವಚನವೇ. ಒಬ್ಬರಿಗೆ ‘ಯು ಆರ್’ ಅನ್ನುವಾಗ ನಾನು ಯಾವತ್ತೂ ತಡವರಿಸಿಲ್ಲ.

ಮಾರನೇ ದಿನ ಕ್ಲಾಸಿನಲ್ಲಿ, ‘ದೇ’ ಅಂದ್ರೆ ನಮ್ಮ ‘ಅವರು’ ಇದ್ದ ಹಾಗೆ ಎಂದೆ. ಆ ಹುಡುಗಿ ಮತ್ತೆ ಕೈ ಎತ್ತಿದಳು. “ಆದ್ರೆ ನನ್ನನ್ನ ಯಾರೂ ಅವರು ಅನ್ನಲ್ಲ ಮಿಸ್. ಅವಳು ಅಂತಾರೆ.”

ಪೇಪರ್ ತಗೊಂಡು ಬಾ ಎಂದೆ. 17½ ಹೊಡೆದು 18 ಮಾಡಿ, ಪಕ್ಕದಲ್ಲಿ ಸಹಿ ಹಾಕಿದೆ.