ಸಪ್ತಕೋಟೇಶ್ವರನ ಜಾಡು ಹಿಡಿದು

ಗೋವೆಯಲ್ಲಿ ನೆಲೆಸಿರುವ ಕನ್ನಡಿಗರು ನಾಲ್ಕು ಮಂದಿ ಸೇರಿದರೆ ಒಂದು ಕಾಲಕ್ಕೆ ಗೋವೆಯನ್ನಾಳಿದ ಕದಂಬರ ಮಾತು ಬಂದೇ ಬರುತ್ತದೆ. ಇಲ್ಲಿನ ಸರಕಾರಿ ಬಸ್ಸುಗಳ ಮೇಲೂ ಆ ಹೆಸರೇ ಇದೆ. ಆದರೆ ಕದಂಬರ ಬಗ್ಗೆ ಹೇಳುವ ಮಾತಿಗೆ ಆಧಾರವೇನು ಎಂದು ಕೇಳುವವರು ವಿರಳ. ಇತಿಹಾಸಕಾರನ ಕೆಲಸ ಆ ಪ್ರಶ್ನೆಯಿಂದಲೇ ಶುರುವಾಗುತ್ತದೆ. ಗೋವೆಯ ಕದಂಬರ ಕುಲದೈವವಾಗಿದ್ದ ಸಪ್ತಕೋಟೇಶ್ವರನೊಬ್ಬನ ಜಾಡು ಹಿಡಿದು ಹೊರಟರೂ, ಆಕರಗಳಲ್ಲಿ ಎಷ್ಟು ಬಗೆಗಳಿವೆ, ಒಂದೊಂದನ್ನೂ ಹೇಗೆ ಬೇರೆಯಾಗಿ ಓದಬೇಕು ಎಂಬುದು ಮನದಟ್ಟಾಗುತ್ತದೆ.

ಸಿಂಹದ ಚಿತ್ರವಿರುವ ಕದಂಬರ ಚಿನ್ನದ ನಾಣ್ಯಗಳ ಹಿಂಬದಿಯಲ್ಲಿ, ನಾಗರಿ ಲಿಪಿಯಲ್ಲಿ, ಅರಸನು ಸಪ್ತಕೋಟೀಶ್ವರನ ವರಪ್ರಸಾದ ಪಡೆದವನೆಂಬ ಬಿರುದು ಇದೆ. ಅರಸನು ತನ್ನನ್ನು ಲೋಕ ಹೇಗೆ ಕಾಣಬೇಕೆಂದು ಬಯಸಿದನೋ ಅದನ್ನು ನಾಣ್ಯ ಹೇಳುತ್ತದೆ. ದೇವಾಲಯ ಎಷ್ಟು ದೊಡ್ಡದಿತ್ತು, ಅಲ್ಲಿಗೆ ಯಾರು ಬರುತ್ತಿದ್ದರು ಎಂಬುದನ್ನು ಅದರಿಂದ ಹೊರಡಿಸಲಾಗದು.

ವಿಜಯನಗರದ ಪರವಾಗಿ ಗೋವೆಯನ್ನಾಳಿದ ಮಾಧವಮಂತ್ರಿಯು ತುರುಷ್ಕರನ್ನು (ಮುಸ್ಲಿಂ ಆಳರಸರನ್ನು) ಓಡಿಸಿ, ಸಪ್ತನಾಥ (ಸಪ್ತಕೋಟೇಶ್ವರ) ಮೊದಲಾದ ದೇವರ ಪೂಜೆಯನ್ನು ಮತ್ತೆ ನೆಲೆಗೊಳಿಸಿದನೆಂದು 14ನೆಯ ಶತಮಾನದ ಕೊನೆಯ ತಾಮ್ರಶಾಸನವೊಂದು ಹೇಳುತ್ತದೆ. ಇದು ಗೆದ್ದವರ ಬರಹ. ಪ್ರಶಸ್ತಿಭಾಗವನ್ನು, ಎಂದರೆ ಹೊಗಳಿಕೆಯ ಸಾಲುಗಳನ್ನು, ಜರಡಿ ಹಿಡಿದೇ ಸ್ವೀಕರಿಸಬೇಕು. ಆದರೆ ಇಂಥ ದಾನಶಾಸನಗಳಲ್ಲಿ ಬರುವ ತಿಥಿ, ದಾನ ಪಡೆದವರ ಹೆಸರು, ಭೂಮಿಯ ಎಲ್ಲೆ ಇವುಗಳಿಗೆ ಹೆಚ್ಚಿನ ಬೆಲೆಯಿದೆ, ಏಕೆಂದರೆ ನಾಳೆ ವ್ಯಾಜ್ಯ ಎದ್ದರೆ ಅವೇ ಸಾಕ್ಷಿಯಾಗಬೇಕಿತ್ತು. ಒಂದೇ ತಗಡಿನ ಎರಡು ಸಾಲುಗಳನ್ನು ಎರಡು ಬಗೆಯ ನಂಬಿಕೆಯಿಂದ ಓದಬೇಕಾಗುತ್ತದೆ.

1510ರಲ್ಲಿ ಗೋವೆಯನ್ನು ಗೆದ್ದ ಪೋರ್ಚುಗೀಸರು 1540ರ ಸುಮಾರಿಗೆ ಗೋವೆಯ ತಿಸವಾಡಿ ತಾಲೂಕಿನ ದೇವಾಲಯಗಳನ್ನು ಕೆಡವಿಸಿದರು. ದಿವಾಡಿ ದ್ವೀಪದಲ್ಲಿದ್ದ ಸಪ್ತಕೋಟೇಶ್ವರನ ಗುಡಿಯೂ ಉಳಿಯಲಿಲ್ಲ. ನನ್ನನ್ನು ಹೆಚ್ಚು ತಡೆದು ನಿಲ್ಲಿಸುವುದು ಇದರ ನಂತರದ ಕಡತಗಳು. ಕೆಡವಿದ ಗುಡಿಗಳ ಭೂಮಿಯ ಆದಾಯವನ್ನು ಚರ್ಚಿನ ವೆಚ್ಚಕ್ಕೆ ತಿರುಗಿಸಲು, ಯಾವ ಗದ್ದೆ ಯಾವ ದೇವರದು, ಯಾವುದು ಗುಡಿಯ ಸೇವಕರಿಗೆ ಬಿಟ್ಟ ಉಂಬಳಿ ಎಂದು ಅಧಿಕಾರಿಗಳು ಪಟ್ಟಿ ಮಾಡಲೇಬೇಕಾಯಿತು. ದೇವರ ಹೆಸರನ್ನು ಅಳಿಸಲು ಹೊರಟ ಆಡಳಿತವೇ ಕಂದಾಯದ ಲೆಕ್ಕಕ್ಕಾಗಿ ಆ ಹೆಸರನ್ನು ಬರೆದಿಟ್ಟಿತು. ಬರೆದವನ ಉದ್ದೇಶದಲ್ಲಿಲ್ಲದ ಸಂಗತಿಯನ್ನು ಬರಹದಿಂದ ಪಡೆಯುವ ಈ ಬಗೆಯ ಓದು, ಇತಿಹಾಸ ಸಂಶೋಧನೆಯಲ್ಲಿ ನಾನು ಅತ್ಯಂತ ಗೌರವಿಸುವ ಕೌಶಲ.

ಭಕ್ತರು ಲಿಂಗವನ್ನು ನದಿ ದಾಟಿಸಿ ಡಿಚೋಲಿಯ (ಬಿಚೋಲಿಂ) ಕಡೆಗೆ ಒಯ್ದರೆಂಬುದು ಐತಿಹ್ಯ. ಐತಿಹ್ಯವನ್ನು ಪೂರಾ ನಂಬುವುದೂ ಪೂರಾ ತಳ್ಳಿಹಾಕುವುದೂ ಸುಲಭದ ದಾರಿಗಳು. ದಿವಾಡಿಯಲ್ಲಿ ನಾರ್ವೆ ಎಂಬ ಊರೊಂದು, ಹೊಳೆಯಾಚೆ ಇನ್ನೊಂದು ನಾರ್ವೆ ಇದೆ; ಆಚೆಯ ನಾರ್ವೆ ಆಗ ಪೋರ್ಚುಗೀಸರ ಆಳ್ವಿಕೆಗೆ ಸೇರಿರಲಿಲ್ಲ; ಅಲ್ಲಿನ ಗುಡಿಯನ್ನು ಶಿವಾಜಿ 1668ರಲ್ಲಿ ಜೀರ್ಣೋದ್ಧಾರ ಮಾಡಿಸಿದ್ದಕ್ಕೆ ಶಿಲಾಲೇಖವಿದೆ. ಮೂರನ್ನೂ ಕೂಡಿಸಿದಾಗ ಕತೆಯ ತಿರುಳಿಗೆ ಬಲ ಬರುತ್ತದೆ, ವಿವರಗಳಿಗಲ್ಲ.

ಅರಸರ ಬರಹಗಳಲ್ಲಿ ಕಾಣದ ಜನರನ್ನು ಕಾಣಬೇಕಾದರೆ ಹಳೆ ಗೋವೆಯ ವಸ್ತುಸಂಗ್ರಹಾಲಯದ ವೀರಗಲ್ಲುಗಳ ಮುಂದೆ ನಿಲ್ಲಬೇಕು. ನೌಕಾಯುದ್ಧವನ್ನು ಕೆತ್ತಿದ ಕಲ್ಲೊಂದು ಅಲ್ಲಿದೆ. ಕಡಲಿನಲ್ಲಿ ಕಾದಾಡಿ ಮಡಿದವರನ್ನು ಊರು ನೆನೆಯುತ್ತಿತ್ತು ಎಂಬುದಕ್ಕೆ ಅದು ಗಟ್ಟಿ ಸಾಕ್ಷಿ. ಯಾವ ಯುದ್ಧ ಎಂಬುದಕ್ಕೆ ಕೆತ್ತನೆಯೊಂದೇ ಸಾಲದು.

ಇತಿಹಾಸಕಾರ ಜಾರ್ಜ್ ಮೊರಾಯೆಸ್ 1931ರಲ್ಲಿ ಪ್ರಕಟಿಸಿದ ‘ಕದಂಬ ಕುಲ’ ಇಂಥ ಆಕರಗಳನ್ನು ಒಟ್ಟುಗೂಡಿಸಿದ ಗ್ರಂಥ. ಅದನ್ನು ಓದಿಯೇ ಮುಂದುವರಿಯಬೇಕು, ಆದರೆ ಅದು ಆಧರಿಸಿದ ಶಾಸನಪಾಠಗಳಿಗೂ ಮರಳಿ ಹೋಗಬೇಕು. ಬೆಳಗಾವಿ ಜಿಲ್ಲೆಯ ಹಲಸಿಯಲ್ಲಿಯೂ ಗೋವೆಯಲ್ಲಿಯೂ ಆಳಿದ ಈ ಮನೆತನದ ಕನ್ನಡ ಶಾಸನಗಳನ್ನು ಮುಂದಿಟ್ಟುಕೊಂಡು, ಅಂದಿನ ಗೋವೆಯೆಲ್ಲ ಕನ್ನಡ ಆಡುತ್ತಿತ್ತು ಎಂದು ನಮ್ಮವರು ಅಭಿಮಾನದಿಂದ ಹೇಳುವುದುಂಟು. ಶಾಸನದ ಭಾಷೆ ಆಸ್ಥಾನದ ಆಯ್ಕೆಯನ್ನು ತೋರಿಸುತ್ತದೆ. ಗದ್ದೆಯಲ್ಲಿ ದುಡಿದವನ ಆಡುಮಾತಿಗೆ ಹೊಲಗದ್ದೆಗಳ ಹೆಸರು ಹೆಚ್ಚು ಹತ್ತಿರದ ಸಾಕ್ಷಿ, ಮತ್ತು ಆ ಹೆಸರುಗಳನ್ನು ಹುಡುಕಲು ನಾವು ಪೋರ್ಚುಗೀಸರ ಕಂದಾಯದ ಪಟ್ಟಿಗಳನ್ನೇ ಬಿಡಿಸಬೇಕು.