ಮಜ್ಜಿಗೆಗೆ ಸಿಕ್ಕ ಸ್ಟಾರ್

ಬುಧವಾರ ಬೆಳಗ್ಗೆ ಹನ್ನೊಂದೂವರೆಗೆ ನನ್ನ ಎಡಗೈ ಮೇಲೆ ಒಂದು ಸ್ಟಾರ್ ಅಂಟಿತು. ಚಿನ್ನದ ಬಣ್ಣದ್ದು. ಒಂದನೇ ಕ್ಲಾಸಿನ ಮಕ್ಕಳಿಗೆ ಅಂಟಿಸ್ತಾರಲ್ಲ, ಅದೇ. ನಾನು ಮಾಡಿದ ಘನಕಾರ್ಯ ಇಷ್ಟೇ: ಒಂದು ಲೋಟ ನೀರುಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟಿದ್ದೆ.

"ವೆರಿ ಗುಡ್ ಅಜ್ಜೀ! ಪೂರ್ತಿ ಕುಡಿದುಬಿಟ್ರಾ!" ಅಂದಳು ನಮ್ಮನ್ನು ನೋಡಿಕೊಳ್ಳುವ ಹುಡುಗಿ. ಚಪ್ಪಾಳೆ ಬೇರೆ.

ನಾನು 34 ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಕೆಂಪು ಇಂಕಿನಲ್ಲಿ 'ಗುಡ್' ಅಂತ ಬರೆಯೋಕೇ ಕೈ ಹಿಂದೆಮುಂದೆ ನೋಡುತ್ತಿತ್ತು. 'ವೆರಿ ಗುಡ್' ಅಂತೂ ವರ್ಷಕ್ಕೆ ನಾಲ್ಕೈದು ಮಕ್ಕಳಿಗೆ ಸಿಕ್ಕಿದ್ದರೆ ಹೆಚ್ಚು. ಅಂಥವಳಿಗೆ ಮಜ್ಜಿಗೆ ಕುಡಿದಿದ್ದಕ್ಕೆ ವೆರಿ ಗುಡ್! ಏನು ಹೇಳಬೇಕೋ ಗೊತ್ತಾಗದೆ ಹಲ್ಲು ಬಿಟ್ಟೆ. ಅಷ್ಟರಲ್ಲಿ ನಮ್ಮ ಈ ಹಿರಿಯರ ವಸತಿಯ ಮ್ಯಾನೇಜರ್ ಫೋಟೋ ತೆಗೆದಾಗಿತ್ತು.

ಈ ಮ್ಯಾನೇಜರ್ ಒಳ್ಳೆಯ ಹುಡುಗನೇ. ಆದರೆ ನಮ್ಮ ಊಟ, ಯೋಗ, ಭಜನೆ, ಹೌಸಿ, ಎಲ್ಲವೂ ನಡೆಯುವುದು ಫೋಟೋಗೋಸ್ಕರ ಅನ್ನುವ ಹಾಗೆ ಆಡುತ್ತಾನೆ. ಫೋಟೋಗಳು ಸೀದಾ ಮಕ್ಕಳ ವಾಟ್ಸಾಪ್ ಗ್ರೂಪಿಗೆ ಹೋಗುತ್ತವೆ. ಅವತ್ತು ರಾತ್ರಿ ಮಗ ಫೋನ್ ಮಾಡಿದ. "ಅಮ್ಮಾ, ಸ್ಟಾರ್ ಬಂತಂತೆ! ಸೂಪರ್!" ಅಂದ. ಅವನು ಎಸ್ಸೆಸ್ಸೆಲ್ಸಿ ಗಣಿತದಲ್ಲಿ 94 ತಂದಾಗ ನಾನು "ಇನ್ನಾರು ಎಲ್ಲಿ ಹೋಯ್ತು?" ಅಂತ ಕೇಳಿದ್ದೆ. ಅದನ್ನು ಅವನು ಮರೆತಿಲ್ಲ ಅಂತ ನನಗೆ ಗೊತ್ತು. ಹಾಗಾಗಿ ಆ 'ಸೂಪರ್' ಬೇಕಂತಲೇ ಅಂದದ್ದೋ, ಸುಮ್ನೆ ಅಂದದ್ದೋ ಅಂತ ಅರ್ಧ ರಾತ್ರಿ ಯೋಚಿಸಿದೆ.

ಸ್ಟಾರಿಗೆ ಒಂದು ಕಾರಣ ಇದೆ, ಅದನ್ನೂ ಹೇಳಿಬಿಡಬೇಕು. ಹೋದ ಬೇಸಿಗೆಯಲ್ಲಿ 302ರವರು ಊಟದ ಹಾಲಿನಲ್ಲಿ ನನ್ನನ್ನು ತೀರಿಹೋದ ತಮ್ಮ ಅಕ್ಕನ ಹೆಸರು ಹಿಡಿದು ಕರೆದರು. ಮೊದಲು ತಮಾಷೆ ಅಂದುಕೊಂಡೆವು. ಸಂಜೆಗೆ ಮಾತು ತೊದಲಿತು. ಆಸ್ಪತ್ರೆಯಲ್ಲಿ ನೋಡಿದರೆ ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನಂಶ, 118. ಇರಬೇಕಾದ್ದು 135ರಿಂದ 145. ಬಿಪಿಗೆ ನೀರಿಳಿಸುವ ಮಾತ್ರೆ, ಮೇಲೆ ಬಿಸಿಲಿನ ಬೆವರು, ಊಟವೋ ಎರಡು ತುತ್ತು. ವಯಸ್ಸಾದ ಮೇಲೆ ಬಾಯಾರಿಕೆ ಅನ್ನೋದೇ ಸರಿಯಾಗಿ ಗೊತ್ತಾಗುವುದಿಲ್ಲ. ಮೈಯಲ್ಲಿ ನೀರು ಕಡಿಮೆಯಾದರೂ ನಾಲಿಗೆ ಸುದ್ದಿ ಕೊಡುವುದಿಲ್ಲ. 302ರವರು ಐದು ದಿನಕ್ಕೆ ವಾಪಸ್ ಬಂದರು, ನನ್ನನ್ನು ಮತ್ತೆ ಟೀಚರ್ ಅಂದರು. ಅದಾದ ಮೇಲೆ ಈ ಬೇಸಿಗೆಗೆ ಊಟದ ಹಾಲಿನ ಗೋಡೆ ಮೇಲೆ ಚಾರ್ಟ್ ಬಂತು. ಎಡಕ್ಕೆ ನಮ್ಮ ಮನೆ ನಂಬರು, ಮೇಲೆ ವಾರ. ದಿನಕ್ಕೆ ಎಂಟು ಲೋಟ ನೀರು, ಮಜ್ಜಿಗೆ ಅಥವಾ ಪಾನಕ. ಒಂದೊಂದು ಲೋಟಕ್ಕೆ ಒಂದೊಂದು ಸ್ಟಾರ್.

ನಮ್ಮ ಜನ ಇದಕ್ಕೆ ಬಿದ್ದ ರೀತಿ ನೋಡಬೇಕಿತ್ತು. 204ರ ಕೆಇಬಿ ರಾಯರ ಹಾರ್ಟ್ ಸ್ವಲ್ಪ ವೀಕು. ಡಾಕ್ಟರು ಅವರಿಗೆ ದಿನಕ್ಕೆ ಒಂದೂಕಾಲು ಲೀಟರಿಗಿಂತ ಜಾಸ್ತಿ ಕುಡೀಬೇಡಿ ಅಂದಿದ್ದಾರೆ. ಆದರೂ ರಾಯರದ್ದೇ ಅತಿ ಹೆಚ್ಚು ಸ್ಟಾರ್. ಹೇಗೆ ಅಂತೀರಾ? ಕಿಟಕಿ ಪಕ್ಕದ ಕುರ್ಚಿಯೇ ಬೇಕು ಅಂತ ಕೂರುತ್ತಾರೆ. ಅಲ್ಲಿ ಒಂದು ಪಾಮ್ ಗಿಡದ ಕುಂಡ ಇದೆ. ಹುಡುಗಿ ಆ ಕಡೆ ತಿರುಗುತ್ತಿದ್ದ ಹಾಗೆ ಲೋಟ ಕುಂಡಕ್ಕೆ ಬಗ್ಗುತ್ತದೆ. ಮಜ್ಜಿಗೆ ಕುಡಿದ ಆ ಗಿಡದ ಬುಡದಲ್ಲಿ ಈಗ ಕರಿಬೇವಿನ ವಾಸನೆ. ನರ್ಸಮ್ಮ ಕೆರಳಿ, "ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ ಇರುತ್ತೆ, ಎಲ್ಲರಿಗೂ ಎಂಟು ಲೋಟ ಅಂದ್ರೆ ಹೇಗ್ರೀ? ಬರೀ ನೀರೇ ಸುರಿದರೆ ಉಪ್ಪು ಇನ್ನೂ ಇಳಿಯುತ್ತೆ" ಅಂತ ಮ್ಯಾನೇಜರ್ ಹತ್ತಿರ ಜಗಳ ಆಡಿದಳು. ನನ್ನ ಕೇಳಿದರೆ ಇಡೀ ಜಾಗದಲ್ಲಿ ತಲೆ ನೆಟ್ಟಗಿರುವವಳು ಆ ನರ್ಸಮ್ಮ ಒಬ್ಬಳೇ. ಚಾರ್ಟ್ ಮಾತ್ರ ಹಾಗೇ ಉಳಿಯಿತು. ರಾಯರು ಕೈಮೇಲಿನ ಸ್ಟಾರನ್ನು ಕೀಳದೆ ಸಂಜೆ ವಾಕಿಂಗಿಗೂ ಹಾಕಿಕೊಂಡು ಬರುತ್ತಾರೆ. ನಾನು ಅದನ್ನು ನೋಡಿ ಮುಖ ತಿರುಗಿಸುತ್ತಿದ್ದೆ. ಬುಧವಾರದ ತನಕ.

ಬೇಸಿಗೆ ಬಂದರೆ ಇಲ್ಲಿ ಕಾರ್ಯಕ್ರಮಗಳಿಗೆ ಬರ ಇಲ್ಲ. ನೋಟಿಸ್ ಬೋರ್ಡಿನಲ್ಲಿ 'ಹಿರಿಯರ ಬೇಸಿಗೆ ಶಿಬಿರ' ಅಂತ ಬರೆದು ಸುತ್ತ ಬಲೂನಿನ ಚಿತ್ರ ಹಾಕಿದ್ದಾರೆ. ಸೋಮವಾರ ಬಣ್ಣ ಹಚ್ಚುವುದು. ಮಂಗಳವಾರ ಜೇಡಿಮಣ್ಣು. ಶುಕ್ರವಾರ ಹೌಸಿ, ಬಹುಮಾನ ಒಂದು ಮೈಸೂರು ಸ್ಯಾಂಡಲ್ ಸೋಪು. ಆ ಸೋಪಿಗೆ ನಡೆಯುವ ರಾಜಕೀಯದ ಬಗ್ಗೆ ಬೇರೆಯೇ ಬರೆಯಬೇಕು.

ಯಾರೂ ಬೋರ್ಡಿನಲ್ಲಿ ಬರೆಯದೆ ನಡೆಯುವುದು ಚೌಕಾಬಾರ. ಮಧ್ಯಾಹ್ನ ಮೂರಕ್ಕೆ ಲಿಫ್ಟಿನ ಎದುರಿನ ಹಜಾರದಲ್ಲಿ, ಅಲ್ಲಿ ಗಾಳಿ ಆಡುತ್ತದೆ ಅಂತ. ನೆಲದ ಮೇಲೆ ಕೂರೋಕೆ ನಮ್ಮ ಮಂಡಿ ಒಪ್ಪುವುದಿಲ್ಲ, ಟೀಪಾಯಿ ಮೇಲೇ ಸೀಮೆಸುಣ್ಣದಲ್ಲಿ ಐದೈದು ಮನೆ ಬರೆದುಕೊಳ್ಳುತ್ತೇವೆ. ರಜೆಗೆ ಬಂದ ಮೊಮ್ಮಕ್ಕಳೂ ಸೇರುತ್ತಾರೆ. ಎದುರಿನವರ ಕಾಯಿ ಕಡಿಯದೆ ಒಳಮನೆಗೆ ಹೋಗೋ ಹಾಗಿಲ್ಲ ಅಂದರೆ ಅವಕ್ಕೆ ಪರಮ ಸಂತೋಷ. ಕವಡೆ ಬಿದ್ದ ಸದ್ದಿಗೆ ಬಾಗಿಲುಗಳು ಒಂದೊಂದಾಗಿ ತೆರೆಯುತ್ತವೆ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಈ ಮಣೆಯಾಟಗಳ ಹುಚ್ಚು ವಿಪರೀತ. ಇದ್ದ ಆಟ ಸಾಲದು ಅಂತ ತಾವೇ ಹೊಸದನ್ನು ಕಟ್ಟಿದರು. ಹುಟ್ಟಿದ್ದು 1794. ಬ್ರಿಟಿಷರು ಆಡಳಿತ ಕಿತ್ತುಕೊಂಡಿದ್ದು 1831. ತೀರಿಕೊಂಡಿದ್ದು 1868. ಲೆಕ್ಕ ಹಾಕಿ ನೋಡಿ: 37ಕ್ಕೆ ರಿಟೈರು ಮಾಡಿಸಿದರು, ಆಮೇಲೆ ಇನ್ನೂ 37 ವರ್ಷ ಬದುಕಿದ್ದರು. ಪಟ್ಟ ಇತ್ತು, ಕೆಲಸ ಇರಲಿಲ್ಲ. ಆಟ ಕಟ್ಟದೆ ಇನ್ನೇನು ಮಾಡಿಯಾರು ಪಾಪ. ಆದರೆ ಅವರಿಗೆ ಯಾರೂ ಸ್ಟಾರ್ ಅಂಟಿಸಿರಲಿಕ್ಕಿಲ್ಲ.

ಗುರುವಾರ ಸಂಡಿಗೆ ಇಟ್ಟೆವು. ಇದಕ್ಕಾಗಿ ಮೂರು ವಾರದಿಂದ ಆಫೀಸಿಗೆ ಓಡಾಡಿದ್ದೆ. ತಾರಸಿಗೆ ಹೋಗಬಾರದು ಅಂತ ರೂಲು, ಯಾರಾದರೂ ಬಿದ್ದರೆ ಅಂತ. ಕೊನೆಗೆ ಲಿಫ್ಟಿನಲ್ಲೇ ಹೋಗಬೇಕು, ಆ ಹುಡುಗಿ ಜೊತೆಗಿರಬೇಕು, ಬೀಗದ ಕೈ ಅವಳ ಹತ್ತಿರವೇ ಇರಬೇಕು ಅಂತ ಒಪ್ಪಿದರು. ಬೆಳಗಿನ ಜಾವ ಅಡುಗೆಮನೆಯವರು ಒಂದು ಒಲೆ ಬಿಟ್ಟುಕೊಟ್ಟರು. ಮೂರು ಸೇರು ಅಕ್ಕಿಹಿಟ್ಟು, ಹಸಿಮೆಣಸು, ಜೀರಿಗೆ, ಇಂಗು. ಹಿಟ್ಟು ತೊಳಸುವಾಗ ಧಾರವಾಡದಕ್ಕ ಬಂದು ನಿಂತರು. "ಏನ್ರೀ ಟೀಚರ್, ಇದಕ್ಕ ಸಂಡಿಗಿ ಅಂತೀರೇನು? ನಮ್ಮ ಕಡೆ ಗೋಧಿ ನೆನಸಿ ಹಾಲು ತೆಗದು ಕುರಡಗಿ ಮಾಡ್ತೀವಿ, ಅದು ಸಂಡಿಗಿ" ಅಂದರು. "ಮಾಡಿ ತೋರಿಸಿ" ಅಂದೆ. "ಕೈ ತಡೀರಿ, ಗಂಟಾಗಕ್ಕತ್ತೇದ" ಅಂತ ನನ್ನ ಕೈಯಿಂದ ಸೌಟು ಕಿತ್ತುಕೊಂಡರು. ಚಕ್ಕುಲಿ ಒರಳು ಒತ್ತಲು ಶಕ್ತಿ ಸಾಲದೆ ಕೆಇಬಿ ರಾಯರನ್ನು ಕರೆದೆವು. ಅವರು ಒತ್ತಿದ್ದು ವಂಕಿವಂಕಿ. 302ರವರು ಗೋಡೆಗೆ ಒರಗಿ ಬಿಸಿ ಹಿಟ್ಟು ಎಣ್ಣೆ ಹಾಕಿಕೊಂಡು ತಿನ್ನುತ್ತ ಕೂತಿದ್ದರು. ಎರಡು ತುತ್ತಿನವರು ಅವತ್ತು ಎರಡು ಬಟ್ಟಲು ತಿಂದರು. ಒಬ್ಬರಿಗೂ ಚಾರ್ಟಿನ ನೆನಪಿರಲಿಲ್ಲ. ಒಂದು ಕೊಡ ನೀರು ಖಾಲಿಯಾಗಿತ್ತು.

ಆಮೇಲೆ ಕಾಗೆ ಕಾಯುವ ಪಾಳಿ. ನಾನು, ಆ ಹುಡುಗಿ, ಒಂದು ಕಪ್ಪು ಕೊಡೆ. ನೀರಿನ ಟ್ಯಾಂಕಿನ ನೆರಳಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ. ಬಿಸಿಲಿಗೆ ಚಾಮುಂಡಿ ಬೆಟ್ಟ ಅಳಿಸಿಹೋದ ಹಾಗೆ ಕಾಣುತ್ತಿತ್ತು. ಒಳಗೆ ಇಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟೆ.

"ಅಲ್ಲಮ್ಮಾ, ನಿಮ್ಮ ಮನೇಲಿ ನಿಮ್ಮಜ್ಜಿ ಮಜ್ಜಿಗೆ ಕುಡಿದರೆ ಹೀಗೇ ವೆರಿ ಗುಡ್ ಅಂತೀಯಾ?"

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಅಯ್ಯೋ, ನಮ್ಮಜ್ಜಿಗೆ ವೆರಿ ಗುಡ್ ಅಂದ್ರೆ ಪೊರ್ಕೆ ತಕೊಂಡು ಬತ್ತಾಳೆ!"

"ಮತ್ತೆ ನಮಗೆ ಯಾಕೆ ಅಂತೀಯಾ?"

"ನಿಮ್ಗೆ ಹಂಗೇ ಅನ್ಬೇಕು ಅಂತ ಟ್ರೈನಿಂಗಲ್ಲಿ ಹೇಳವ್ರೆ."

ಅವಳ ಊರು ನಂಜನಗೂಡಿನ ಆಚೆ. ಅಜ್ಜಿ ಈಗ ಏನು ಮಾಡ್ತಿರಬಹುದು ಅಂದೆ. ಮೇಕೆ ಹೊಡ್ಕಂಡು ಹೋಗಿರ್ತಾಳೆ ಅಂದಳು. ಈ ಬಿಸಿಲಲ್ಲಾ ಅಂದೆ. "ಮೇಕೆಗೆ ಬಿಸ್ಲು ಅಂದ್ರೆ ಕೇಳ್ತದಾ ಮೇಡಂ?" ವಯಸ್ಸೆಷ್ಟು ಅಂದೆ. "ಗೊತ್ತಿಲ್ಲ. ನಿಮಗಿಂತ ದೊಡ್ಡೋಳು ಇರ್ಬೇಕು. ಇಲ್ದಿದ್ರೆ ಚಿಕ್ಕೋಳು."

ಅಷ್ಟೇ ಮಾತು. ಒಂದು ಕಾಗೆ ಬಂತು, ಅವಳು ಕೊಡೆ ಬೀಸಿಕೊಂಡು ಓಡಿದಳು.

ಆ ಪೊರಕೆ ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ನನ್ನ ಅಜ್ಜಿಗೆ ಯಾರಾದರೂ ಹಾಗಂದಿದ್ದರೆ ಅವರೂ ಪೊರಕೆಯನ್ನೇ ಹುಡುಕುತ್ತಿದ್ದರು. ನಾನೋ, ಹಲ್ಲು ಬಿಟ್ಟೆ. ಯಾಕೆ? ನಯವಾಗಿ ಬೆಳೆದವಳು ಅಂತ ಸಮಾಧಾನ ಮಾಡಿಕೊಳ್ಳಬಹುದು. ಆದರೆ ಕೋಣೆಗೆ ಬಂದು ಸುತ್ತ ನೋಡಿದರೆ ಇಲ್ಲಿ ನನ್ನ ಹತ್ತಿರ ಪೊರಕೆಯೇ ಇಲ್ಲ. ನಿಜವಾಗಿ ಇಲ್ಲ. ಒಂಬತ್ತಕ್ಕೆ ಬಂದು ಗುಡಿಸಿ ಒರೆಸಿ ಹೋಗುತ್ತಾರೆ. ಬಟ್ಟೆ ಮಡಿಸಿ ತಂದಿಡುತ್ತಾರೆ. ಊಟಕ್ಕೆ ಗಂಟೆ ಹೊಡೆಯುತ್ತಾರೆ. ಇದೆಲ್ಲ ಬೇಕು ಅಂತಲೇ ದುಡ್ಡು ಕಟ್ಟಿ ಬಂದವಳು ನಾನು. ಮೊದಲನೇ ವರ್ಷ ಸ್ವರ್ಗ ಅಂತ ತಂಗಿಗೆ ಹೇಳಿದ್ದೂ ಹೌದು. ಕೈಗೆ ಮಾಡೋಕೆ ಏನೂ ಇಲ್ಲದವರನ್ನು ಇನ್ನೊಬ್ಬರು ಹೊಗಳುವುದಾದರೂ ಯಾವುದಕ್ಕೆ? ಕುಡಿದದ್ದಕ್ಕೆ, ತಿಂದದ್ದಕ್ಕೆ, ಟಾಯ್ಲೆಟ್ಟಿಗೆ ಹೋಗಿ ಬಂದದ್ದಕ್ಕೆ. ಧಾರವಾಡದಕ್ಕ ಸೌಟು ಕಿತ್ತುಕೊಂಡು ಬೈದಾಗ ನನಗೆ ಒಂಚೂರೂ ಬೇಜಾರಾಗಲಿಲ್ಲ, ಬದಲಿಗೆ ಹಸಿವಾಯಿತು.

ಆ ಹುಡುಗಿಯ ಮೇಲೆ ಈಗ ನನಗೆ ಕೋಪ ಇಲ್ಲ. ಬೇರೆ ಏನೋ ಇದೆ, ಅದಕ್ಕೆ ಹೆಸರು ಸಿಕ್ಕಿಲ್ಲ. ನಾನು ನೆರಳಲ್ಲಿ ಕೂತು ಕುಡಿಯುವ ಒಂದೊಂದು ಲೋಟವನ್ನೂ ಲೆಕ್ಕ ಇಡಲು ಅವಳಿಗೆ ಸಂಬಳ ಕೊಡುತ್ತಾರೆ. ಅವಳ ಅಜ್ಜಿ ಎಷ್ಟು ಲೋಟ ಕುಡಿದಳು ಅಂತ ಬರೆದಿಡುವ ಗೋಡೆ ಆ ಊರಲ್ಲಿ ಇಲ್ಲ. ಇದನ್ನು ಅವಳಿಗೆ ಹೇಳೋಣ ಅಂತ ಎರಡು ಸಲ ಬಾಯಿ ತೆರೆದೆ. ಹೇಳಿ ಅವಳು ಏನು ಮಾಡಬೇಕು? ಸುಮ್ಮನಾದೆ. ಕೆಇಬಿ ರಾಯರನ್ನು ಮಾತ್ರ ಹಿಡಿದು, "ನಿಮಗೆ ನಾಚಿಕೆ ಆಗಲ್ವಾ, ಸ್ಟಾರ್ ಹಾಕ್ಕೊಂಡು ಓಡಾಡ್ತೀರಿ" ಅಂತ ಕೇಳಿದೆ. ರಾಯರು ಕೈ ತಿರುಗಿಸಿ ನೋಡಿಕೊಂಡು, "ಆ ಮಗು ಅಂಟಿಸುವಾಗ ಕೈ ಹಿಡ್ಕೊಳ್ಳುತ್ತೆ ಟೀಚರ್" ಅಂದರು. ನನಗೆ ಮುಂದಕ್ಕೆ ಮಾತು ಬರಲಿಲ್ಲ.

ಶನಿವಾರ ಸಂಜೆ ಭರಣಿ ಮಳೆ ಬಂತು. ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ ಅಂತಾರೆ. ನಮ್ಮ ಸಂಡಿಗೆ ಇನ್ನೂ ಒಂದು ಬಿಸಿಲು ಕಾಣಬೇಕಿತ್ತು. ನಾಲ್ಕೂವರೆಗೆ ಬೆಟ್ಟದ ಕಡೆ ಕಪ್ಪಾಯಿತು, ಗಾಳಿ ಎದ್ದಿತು, ಯಾರೋ "ಸಂಡಿಗೇ!" ಅಂತ ಕೂಗಿದರು. ಭಜನೆ ಅರ್ಧಕ್ಕೆ ನಿಂತಿತು. ಲಿಫ್ಟಿನಲ್ಲಿ ಹಿಡಿಸಿದಷ್ಟು ಜನ ಮೇಲೆ ಹೋದೆವು. ಹುಡುಗಿ ಬೀಗ ತೆಗೆಯುವ ಹೊತ್ತಿಗೆ ದಪ್ಪ ದಪ್ಪ ಹನಿ ಬೀಳುತ್ತಿತ್ತು. ಸಂಡಿಗೆ ಹರವಿದ್ದ ಪಂಚೆಗಳು ಗಾಳಿಗೆ ಏಳುತ್ತಿದ್ದವು. ಧಾರವಾಡದಕ್ಕ ಒಂದು ಮೂಲೆಯ ಮೇಲೆ ಕೂತೇಬಿಟ್ಟಿದ್ದರು. ನಾನು ಎತ್ತ ಹೋಗಬೇಕು ಅಂತ ತಿಳಿಯದೆ ಬಾಗಿಲ ಹತ್ತಿರ ನಿಂತಿದ್ದೆ.

"ಏ ಅಜ್ಜೀ, ಅಡ್ಡ ನಿಂತ್ಕಬ್ಯಾಡ ಕಣಜ್ಜಿ! ಆ ತುದಿ ಹಿಡ್ಕೊ! ಬಿರ್ನೆ!" ಅಂತ ಹುಡುಗಿ ಕಿರುಚಿದಳು.

ಕಿರುಚಿದವಳೇ ನಾಲಿಗೆ ಕಚ್ಚಿಕೊಂಡಳು. ನಾನು ಅಷ್ಟರಲ್ಲಿ ಆ ತುದಿ ಹಿಡಿದಾಗಿತ್ತು. ಪಂಚೆ ಮಡಚಿ ಅವಳ ಕಡೆಗೆ ಹೆಜ್ಜೆ ಹಾಕಿದೆ, ಅವಳು ನನ್ನ ಕಡೆಗೆ. ಮೂರು ಪಂಚೆ ಉಳಿಯಿತು. ಒಂದು ಪೂರ್ತಿ ನೆನೆದು ಮುದ್ದೆಯಾಯಿತು, ಅದು ರಾಯರು ಒತ್ತಿದ್ದು.